ಅಂಟುವಾಳದ ನೊರೆ, ಹತ್ತಿ ನೂಲಿನ ಒರೆಸುಬಟ್ಟೆ: ಬಿಡುವಿಲ್ಲದ ಮನೆಗೊಂದು ಕೈಪಿಡಿ

ಕಂಚು-ಹಿತ್ತಾಳೆ ಕೆಲಸಕ್ಕೆ ನಾಗಮಂಗಲ ಹಿಂದಿನಿಂದಲೂ ಹೆಸರಾದ ಊರು. ಅದೇ ತಾಲ್ಲೂಕಿನ ಹೋಬಳಿ ಕೇಂದ್ರ ದೇವಲಾಪುರ. ಇಲ್ಲಿನ ಹಳ್ಳಿಗಳಲ್ಲಿ ಹಬ್ಬ ಹತ್ತಿರ ಬಂತೆಂದರೆ ಅಟ್ಟದ ಮೇಲಿನ ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ದೀಪದ ಕಂಬಗಳೆಲ್ಲ ಕೆಳಗಿಳಿದು ಹಿತ್ತಲಿನ ಕಲ್ಲಿನ ಹತ್ತಿರ ಸಾಲಾಗಿ ಕೂರುತ್ತವೆ. ಒಬ್ಬರು ಹುಣಸೆಹಣ್ಣು ನೆನೆಹಾಕುತ್ತಾರೆ, ಇನ್ನೊಬ್ಬರು ಒಲೆಯ ಬೂದಿ ಜರಡಿ ಹಿಡಿಯುತ್ತಾರೆ, ತೆಂಗಿನಕಾಯಿ ಸುಲಿದ ಗುಂಜು ಉಜ್ಜಲು ಬರುತ್ತದೆ. ಹಬ್ಬದ ದಿನಕ್ಕೆ ಉಳಿದುಕೊಂಡಿರುವ ಈ ಪದ್ಧತಿ ದಿನನಿತ್ಯದ ತೊಳೆಯುವ ಕೆಲಸದಿಂದ ಮಾತ್ರ ಬಹುಮಟ್ಟಿಗೆ ಮರೆಯಾಗಿದೆ. ಪಾತ್ರೆಗೊಂದು ಸೋಪು, ನೆಲಕ್ಕೊಂದು ಬಾಟಲಿ, ನಲ್ಲಿಗೊಂದು ಸ್ಪ್ರೇ, ಬಟ್ಟೆಗೆರಡು ಪುಡಿ, ಜೊತೆಗೆ ತಿಂಗಳಿಗೊಮ್ಮೆ ಎಸೆಯುವ ಪ್ಲಾಸ್ಟಿಕ್ ಸ್ಕ್ರಬ್ಬರ್. ಕಿರಾಣಿ ಚೀಟಿಯಲ್ಲಿ ಈ ಸಾಮಾನುಗಳದ್ದೇ ಒಂದು ದೊಡ್ಡ ಪಾಲು.

ಬೆಳಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳನ್ನು ಶಾಲೆಗೆ ಕಳಿಸಿ, ಗಾರ್ಮೆಂಟ್ಸ್ ಬಸ್ಸಿಗೋ ತೋಟದ ಕೆಲಸಕ್ಕೋ ಓಡುವ ಮನೆಯವರಿಗೆ ಇಪ್ಪತ್ತು ಬಗೆಯ ಮನೆಮದ್ದು ಮಾಡುವ ಪುರುಸೊತ್ತು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ನಾಲ್ಕೈದು ಸಾಮಾನು ಸಾಕು. ಯಾವುದು ಯಾವ ಕೊಳೆಯನ್ನು ಏಕೆ ತೆಗೆಯುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ.

ಕೊಳೆಯ ಜಾತಿ ತಿಳಿಯಿರಿ

ಮನೆಯ ಕೊಳೆಯಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಜಿಡ್ಡು: ಎಣ್ಣೆ, ತುಪ್ಪ, ಮೈ ಬೆವರು. ಇದಕ್ಕೆ ನೊರೆ ಬರುವ ವಸ್ತು ಅಥವಾ ಬೂದಿಯಂಥ ಕ್ಷಾರ ಬೇಕು. ಎರಡನೆಯದು ಲೋಹದ ಕಿಲುಬು ಮತ್ತು ಬೋರ್‌ವೆಲ್ ನೀರಿನಿಂದ ನಲ್ಲಿ, ಬಕೆಟ್ಟಿನ ಮೇಲೆ ಕಟ್ಟುವ ಬಿಳಿ ಪದರ. ಇದಕ್ಕೆ ಹುಣಸೆ, ನಿಂಬೆಯಂಥ ಹುಳಿ ಬೇಕು. ಮೂರನೆಯದು ತಳ ಹಿಡಿದ ಅನ್ನ, ಒಣಗಿದ ಮುದ್ದೆ, ಮಸಿ. ಇದಕ್ಕೆ ನೆನೆಸುವುದು ಮತ್ತು ಉಜ್ಜುವುದು ಬಿಟ್ಟು ಬೇರೆ ದಾರಿಯಿಲ್ಲ.

ಹುಳಿ ಮತ್ತು ಕ್ಷಾರವನ್ನು ಒಟ್ಟಿಗೆ ಬೆರೆಸಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ವಿನೆಗರಿಗೆ ಅಡುಗೆ ಸೋಡಾ ಹಾಕಿದಾಗ ಬುಸ್ಸೆಂದು ಉಕ್ಕುವುದು ನೋಡಲು ಚೆಂದ, ಆದರೆ ಉಕ್ಕು ಇಳಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಹಳ್ಳಿಯ ಹಿರಿಯರು ಹುಣಸೆಯಲ್ಲಿ ಉಜ್ಜಿ, ತೊಳೆದು, ಆಮೇಲೆ ಬೂದಿ ಹಿಡಿಯುತ್ತಿದ್ದ ಕ್ರಮದಲ್ಲಿ ಈ ತಿಳಿವಳಿಕೆ ಇತ್ತು.

ಅಂಟುವಾಳ: ಎಲ್ಲಕ್ಕೂ ಮೊದಲು ಇದನ್ನು ಕಲಿಯಿರಿ

ಒಂದೇ ಒಂದು ತಯಾರಿಗೆ ಸಮಯ ಇದೆ ಎನ್ನುವವರು ಅಂಟುವಾಳಕಾಯಿಯಿಂದ ಆರಂಭಿಸಬೇಕು. ಇದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆಯ ಅಂಶವಿದೆ. ಅದು ನೀರಿನ ಬಿಗುವನ್ನು ಸಡಿಲಿಸಿ, ಜಿಡ್ಡು ಬಟ್ಟೆಯಿಂದ ಬಿಟ್ಟುಕೊಳ್ಳುವಂತೆ ಮಾಡುತ್ತದೆ. ಗಡಸು ನೀರಿನಲ್ಲಿ ಸಾಮಾನ್ಯ ಸೋಪು ಮೊಸರೊಡೆದಂತಾಗಿ ಬಕೆಟ್ಟಿನ ಅಂಚಿಗೆ ಬೂದು ಪದರ ಕಟ್ಟುತ್ತದೆ. ಅಂಟುವಾಳಕ್ಕೆ ಆ ತೊಂದರೆ ಕಡಿಮೆ. ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಊರುಗಳಿಗೆ ಇದು ದೊಡ್ಡ ಅನುಕೂಲ.

ಮಾಡುವ ಬಗೆ ಹೀಗೆ. ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ಕುದಿಸಿ. ಉಕ್ಕುತ್ತದೆ, ಆದ್ದರಿಂದ ಅರ್ಧ ಮಾತ್ರ ತುಂಬುವಷ್ಟು ದೊಡ್ಡ ಪಾತ್ರೆ ಇರಲಿ. ಆರಿದ ಮೇಲೆ ಚೆನ್ನಾಗಿ ಕಿವುಚಿ, ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಬರುವ ಕಂದು ರಸ ಕೈಗೆ ಸ್ವಲ್ಪ ಅಂಟಂಟಾಗಿರಬೇಕು. ಬಾಟಲಿಗೆ ಹಾಕಿ ಅಲ್ಲಾಡಿಸಿದರೆ ಮೇಲಕ್ಕೆ ದಟ್ಟ ನೊರೆ ಏರಬೇಕು. ಹಿಂಡಿ ಉಳಿದ ಸಿಪ್ಪೆಯನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಮತ್ತೊಮ್ಮೆ ಕುದಿಸಿದರೆ ನೆಲ ಒರೆಸಲು ಸಾಕಾಗುವ ತೆಳು ರಸ ಸಿಗುತ್ತದೆ.

ಈ ರಸ ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಹುಳಿತು ವಾಸನೆ ಬರುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ತಡೆಯುತ್ತದೆ. ಇನ್ನೂ ಹೆಚ್ಚು ದಿನ ಬೇಕಿದ್ದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿ, ಬೇಕಾದಾಗ ಎರಡು ಗಟ್ಟಿ ತೆಗೆದುಕೊಳ್ಳಬಹುದು. ರೇಷ್ಮೆ ಸೀರೆಗೆ ಇದು ಹೇಳಿ ಮಾಡಿಸಿದ್ದು. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ಎಳೆಗಳು. ಖಾರವಾದ ಸೋಪು ಆ ಎಳೆಯನ್ನು ಒರಟು ಮಾಡುತ್ತದೆ. ಅಂಟುವಾಳದ ರಸ ತುಸು ಹುಳಿಯಾಗಿದ್ದು ಎಳೆಗೆ ಮೃದುವಾಗಿರುತ್ತದೆ. ಅರ್ಧ ಬಕೆಟ್ ತಣ್ಣೀರಿಗೆ ಒಂದು ಲೋಟ ರಸ ಹಾಕಿ, ಸೀರೆಯನ್ನು ಉಜ್ಜದೆ ಅದ್ದಿ ತೆಗೆದು, ನೆರಳಿನಲ್ಲಿ ಹರವಿ. ಮೊದಲು ಸೆರಗಿನ ಒಳಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬೇಡಿ.

ಹತ್ತಿ ಬಟ್ಟೆ, ದಿನದ ಉಡುಪಿಗೂ ಇದು ಸಾಕು. ಆದರೆ ಗದ್ದೆಯ ಕೆಸರು, ಟ್ರ್ಯಾಕ್ಟರಿನ ಗ್ರೀಸು ಹಿಡಿದ ಬಟ್ಟೆಗೆ ಸಾಲುವುದಿಲ್ಲ. ಬಿಳಿ ಅಂಗಿಯೂ ಅಂಗಡಿ ಪುಡಿಯಲ್ಲಿ ಒಗೆದಷ್ಟು ಥಳಥಳಿಸುವುದಿಲ್ಲ. ಏಕೆಂದರೆ ಆ ಥಳಕು ಬಹುತೇಕ ಪುಡಿಗೆ ಸೇರಿಸಿದ ಹೊಳಪುಕಾರಕದ್ದು, ಸ್ವಚ್ಛತೆಯದ್ದಲ್ಲ.

ಎರಡು ಎಚ್ಚರಿಕೆ. ರಸ ಕಣ್ಣಿಗೆ ಬಿದ್ದರೆ ತುಂಬ ಉರಿಯುತ್ತದೆ, ಕೂಡಲೇ ಧಾರಾಳ ನೀರಿನಲ್ಲಿ ತೊಳೆಯಬೇಕು. ಸಪೋನಿನ್ ಮೀನುಗಳಿಗೆ ವಿಷ. ಹೊಳೆಯ ಮಡುವಿಗೆ ಇಂಥ ಕಾಯಿಗಳನ್ನು ಜಜ್ಜಿ ಹಾಕಿ ಮೀನು ಮಂಕಾಗುವಂತೆ ಮಾಡಿ ಹಿಡಿಯುವ ಪದ್ಧತಿಯೇ ಹಿಂದೆ ಇತ್ತು. ಆದ್ದರಿಂದ ತೊಳೆದ ನೀರು ಹಿತ್ತಲಿನ ಬಾಳೆಯ ಬುಡಕ್ಕೆ, ತೆಂಗಿನ ಪಾತಿಗೆ ಹೋಗಲಿ. ಕೆರೆ, ಕಟ್ಟೆಗೆ ಬೇಡ.

ಹುಣಸೆ ಮತ್ತು ಬೂದಿ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಕಂಚು ಎಂದರೆ ತಾಮ್ರ ಮತ್ತು ತವರ. ಎರಡರಲ್ಲೂ ಇರುವ ತಾಮ್ರ ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ಆ ಕಪ್ಪು ಪದರವನ್ನು ಕರಗಿಸುತ್ತದೆ. ಪಲ್ಯ, ಸಾರಿಗೆ ಬಳಸದ ಹಳೆಯ ಕಪ್ಪು ಹುಣಸೆ ಇದಕ್ಕೆ ಧಾರಾಳವಾಯಿತು. ನಿಂಬೆಗಾತ್ರದ ಹುಣಸೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಿವುಚಿ, ಒಂದು ಚಮಚ ಪುಡಿ ಉಪ್ಪು ಬೆರೆಸಿ, ಪಾತ್ರೆಗೆ ಬಳಿದು ಐದು ನಿಮಿಷ ಬಿಟ್ಟು ಉಜ್ಜಿ. ಅಲ್ಲೇ ಹೊಳಪು ಕಾಣುತ್ತದೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಹುಳಿ ಮತ್ತು ಉಪ್ಪಿನ ಪಸೆ ಸಂದಿನಲ್ಲಿ ಉಳಿದರೆ ಎರಡೇ ದಿನದಲ್ಲಿ ಹಸಿರು ಕಿಲುಬು ಏಳುತ್ತದೆ. ಧಾರಾಳ ನೀರಿನಲ್ಲಿ ತೊಳೆದು, ಬೂದಿಯಲ್ಲಿ ಒಮ್ಮೆ ತಿಕ್ಕಿ, ಮತ್ತೆ ತೊಳೆದು, ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರೆ ಹೊಳಪು ಹೆಚ್ಚು ದಿನ ನಿಲ್ಲುತ್ತದೆ. ಕಲಾಯಿ ಹಾಕಿಸಿದ ಪಾತ್ರೆಯ ಒಳಭಾಗಕ್ಕೆ ಹುಣಸೆಯೂ ಬೇಡ, ಬೂದಿಯೂ ಬೇಡ, ಕಲಾಯಿ ಸವೆದುಹೋಗುತ್ತದೆ. ತಲೆಮಾರುಗಳಿಂದ ಬಂದ ಹಳೆಯ ವಿಗ್ರಹಗಳ ಕಂದು ಮೆರುಗು ಕೊಳೆಯಲ್ಲ. ಅದನ್ನು ತಿಕ್ಕಿ ತೆಗೆದರೆ ಮತ್ತೆ ಬರಲು ಎಷ್ಟೋ ವರ್ಷ ಬೇಕು. ಮೆದು ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಿಂಡಿದ ನಿಂಬೆ ಹೋಳು, ಹುಣಸೆ ತೊಳೆದ ನೀರು ನಲ್ಲಿಯ ಬಿಳಿ ಪದರಕ್ಕೂ ಆಗುತ್ತದೆ. ಕಾಲು ಗಂಟೆ ಅಂಟಿಸಿಟ್ಟು ಉಜ್ಜಿ. ಆದರೆ ಕಡಪ ಕಲ್ಲು, ಅಮೃತಶಿಲೆಗೆ ಹುಳಿ ತಾಗಿಸಬಾರದು. ಇವೆರಡೂ ಸುಣ್ಣದ ಅಂಶದ ಕಲ್ಲುಗಳು, ಹುಳಿ ಬಿದ್ದಲ್ಲಿ ಮಂಕು ಕಲೆ ಕಚ್ಚಿಕೊಳ್ಳುತ್ತದೆ. ಅಡುಗೆಮನೆಯ ಕಟ್ಟೆಗೆ ಕಡಪ ಹಾಕಿಸಿದವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹಳೆಯ ತೊಟ್ಟಿಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲಕ್ಕೂ ಹುಳಿ ಒಗ್ಗದು. ಅದಕ್ಕೆ ತೆಳು ಅಂಟುವಾಳದ ನೀರು, ವರ್ಷಕ್ಕೆ ಒಂದೆರಡು ಸಲ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು.

ಬೂದಿಯ ಬಲ ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್. ತೆಂಗಿನ ಮಟ್ಟೆ, ಗರಿ ಉರಿಸಿದ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಅದು ಜಿಡ್ಡಿನ ಜೊತೆ ಸೇರಿ ತುಸು ಸೋಪಿನಂತೆಯೇ ಕೆಲಸ ಮಾಡುತ್ತದೆ, ನುಣುಪು ಕಣಗಳು ಉಜ್ಜಲೂ ನೆರವಾಗುತ್ತವೆ. ನೀರೊಲೆ ಇನ್ನೂ ಉರಿಯುವ ಮನೆಗಳಲ್ಲಿ ಇದಕ್ಕೆ ಕೊರತೆಯಿಲ್ಲ. ಆದರೆ ಪ್ಲಾಸ್ಟಿಕ್ ಕವರು ಹಾಕಿ ಉರಿ ಹೊತ್ತಿಸಿದ ಒಲೆಯ ಬೂದಿಯನ್ನು ಪಾತ್ರೆಗೆ ಮುಟ್ಟಿಸಬಾರದು. ನುಣ್ಣಗೆ ಜರಡಿ ಹಿಡಿದ ಎರಡು ಪಾಲು ಬೂದಿಗೆ ಒಂದು ಪಾಲು ಅಂಟುವಾಳದ ಪುಡಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಸ್ಟೀಲ್ ಪಾತ್ರೆಗೆ ಒಳ್ಳೆಯ ಪುಡಿ. ನಾನ್‌ಸ್ಟಿಕ್ ತವಾ, ಅಲ್ಯೂಮಿನಿಯಂ ಪಾತ್ರೆಗೆ ಹಾಕಬೇಡಿ. ಸೌದೆ ಒಲೆಯ ಮೇಲೆ ಪಾತ್ರೆ ಇಡುವ ಮುಂಚೆ ತಳಕ್ಕೆ ಹಸಿ ಬೂದಿ ಬಳಿಯುವ ಹಳೆಯ ಕ್ರಮವನ್ನೂ ಬಿಡಬೇಡಿ. ಮಸಿ ಆ ಪದರದ ಮೇಲೆ ಕೂತು, ತೊಳೆಯುವಾಗ ಅದರೊಂದಿಗೇ ಹೋಗುತ್ತದೆ.

ಸಿಪ್ಪೆ, ಬೆಲ್ಲ, ನೀರು

ಮಂಡ್ಯ ಜಿಲ್ಲೆಯಲ್ಲಿ ಬೆಲ್ಲಕ್ಕೆ ಬರವಿಲ್ಲ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಜಾತಿಯ ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು. ಇದು ಈಗ ಬಯೋ ಎನ್‌ಜೈಮ್ ಎಂದು ಹೆಸರಾಗಿರುವ ದ್ರಾವಣದ ಲೆಕ್ಕ. 100 ಗ್ರಾಂ ಬೆಲ್ಲ, 300 ಗ್ರಾಂ ಸಿಪ್ಪೆ, ಒಂದು ಲೀಟರ್ ನೀರನ್ನು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ, ಮೇಲೆ ಜಾಗ ಬಿಟ್ಟು ಮುಚ್ಚಿ. ನಿಂಬೆ, ಕಿತ್ತಳೆ, ಮೂಸಂಬಿ, ಹೇರಳೆ ಯಾವುದಾದರೂ ಸರಿ. ಕಹಿಯಾದ ಆಲೆಮನೆ ಬೆಲ್ಲ, ಹಳಸಿದ ಬೆಲ್ಲವೂ ನಡೆಯುತ್ತದೆ.

ಮೊದಲ ತಿಂಗಳು ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಲೇಬೇಕು. ಗಾಜಿನ ಬಾಟಲಿ ಮಾತ್ರ ಬೇಡ. ಒತ್ತಡಕ್ಕೆ ಒಡೆದು ಸಿಡಿಯುತ್ತದೆ. 90 ದಿನ ಕಳೆದ ಮೇಲೆ ಸೋಸಿ. ಆಷಾಢದ ಮೊದಲ ವಾರ ಹಾಕಿಟ್ಟರೆ ಆಯುಧಪೂಜೆಯ ಹೊತ್ತಿಗೆ ಸಿದ್ಧ. ಬಾಟಲಿಯ ಮೇಲೆ ದಿನಾಂಕ ಬರೆಯಿರಿ, ಮಕ್ಕಳು ಷರಬತ್ತು ಎಂದುಕೊಳ್ಳದಂತೆ ‘ಕುಡಿಯಬಾರದು’ ಎಂದೂ ಬರೆಯಿರಿ. ಹತ್ತು ಪಾಲು ನೀರಿಗೆ ಒಂದು ಪಾಲು ಸೇರಿಸಿ ಟೈಲ್ಸ್ ನೆಲ, ಸಿಂಕು ಒರೆಸಬಹುದು. ಇದೂ ಹುಳಿಯೇ ಆದ್ದರಿಂದ ಕಡಪ, ಅಮೃತಶಿಲೆಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಉಜ್ಜಲು ಏನು, ಒರೆಸಲು ಏನು?

ತೊಳೆಯುವ ದ್ರಾವಣ ಮನೆಯದಾಗಿ, ಉಜ್ಜುವ ಸ್ಕ್ರಬ್ಬರ್ ಪ್ಲಾಸ್ಟಿಕ್ಕಿನದೇ ಆದರೆ ಕೆಲಸ ಅರ್ಧಕ್ಕೆ ನಿಂತಂತೆ. ಅದು ಸವೆದಂತೆಲ್ಲ ಸಣ್ಣ ಚೂರುಗಳು ನೀರಿಗೆ ಸೇರುತ್ತವೆ. ತೆಂಗಿನ ಗುಂಜನ್ನು ನೀರಿನಲ್ಲಿ ನೆನೆಸಿ ಬಡಿದು, ಒಣಗಿಸಿ, ಮುಷ್ಟಿಯಷ್ಟು ದುಂಡಗೆ ಸುತ್ತಿ ನಾರಿನಿಂದಲೇ ಕಟ್ಟಿದರೆ ತಳ ಹಿಡಿದ ಪಾತ್ರೆಗೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೇಲಿಗೆ ಹಬ್ಬಿದ ತುಪ್ಪದ ಹೀರೆಯಲ್ಲಿ ಒಂದೆರಡು ಕಾಯಿಯನ್ನು ಕೀಳದೆ ಬಳ್ಳಿಯಲ್ಲೇ ಒಣಗಲು ಬಿಡಿ. ಸಿಪ್ಪೆ ಸುಲಿದು ಬೀಜ ಉದುರಿಸಿದರೆ ಮೈಯುಜ್ಜಲು, ಲೋಟ ತೊಳೆಯಲು ಹದವಾದ ನಾರು ಸಿಗುತ್ತದೆ, ಬೀಜ ಮುಂದಿನ ವರ್ಷಕ್ಕಾಯಿತು.

ಒರೆಸುವ ಬಟ್ಟೆಗೆ ಹತ್ತಿಯೇ ಸರಿ. ನೂಲು, ಮಗ್ಗ ಈ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಗಾಂಧಿವಾದಿ ಸುರೇಂದ್ರ ಕೌಲಗಿ 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ, ಕೈಮಗ್ಗದ ಕೆಲಸವನ್ನು ಗ್ರಾಮಜೀವನದ ಭಾಗವಾಗಿ ನಡೆಸಿಕೊಂಡು ಬಂದಿದೆ. ಇನ್ನು ಕ್ರೋಶಾ ಸೂಜಿಯಂತೂ ಸೀರೆ ಕುಚ್ಚಿನ ದೆಸೆಯಿಂದ ಎಷ್ಟೋ ಮನೆಯನ್ನು ಹೊಕ್ಕಿದೆ. ಮದುವೆ ಸೀರೆಗೆ ಮಣಿ ಪೋಣಿಸಿ ಕುಚ್ಚು ಹಾಕುವ ಹೆಣ್ಣುಮಕ್ಕಳಿಗೆ ಒರೆಸುಬಟ್ಟೆ, ಚೀಲ, ಕಾಲೊರಸು ಹೆಣೆಯುವುದು ಎಡಗೈ ಕೆಲಸ.

ನಾಲ್ಕು ಹೆಣಿಗೆ ಕೆಲಸಗಳು

ಮೊದಲನೆಯದು ಕಡ್ಡಿ ಹೆಣಿಗೆಯ ಒರೆಸುಬಟ್ಟೆ. ದಪ್ಪ ಹತ್ತಿ ನೂಲು, 4 ಮಿಲಿಮೀಟರಿನ ಎರಡು ಕಡ್ಡಿ ಬೇಕು. ಉಲ್ಲನ್ ಎಂದು ಅಂಗಡಿಯಲ್ಲಿ ಸಿಗುವುದು ಬಹುಪಾಲು ಅಕ್ರಿಲಿಕ್. ಅದು ನೀರು ಹೀರುವುದಿಲ್ಲ, ಬಿಸಿ ಪಾತ್ರೆ ತಾಗಿದರೆ ಕರಗುತ್ತದೆ. ಹತ್ತಿಯನ್ನೇ ಕೇಳಿ ತನ್ನಿ. ಕಡ್ಡಿಗೆ ನಾಲ್ಕು ಕುಣಿಕೆ ಹಾಕಿ ಒಂದು ಸಾಲು ಸೀದಾ ಹೆಣೆಯಿರಿ. ಮುಂದಿನ ಪ್ರತಿ ಸಾಲಿನಲ್ಲಿ ಎರಡು ಸೀದಾ ಹೆಣೆದು, ಕಡ್ಡಿಗೆ ಒಮ್ಮೆ ದಾರ ಸುತ್ತಿ, ಉಳಿದದ್ದನ್ನೆಲ್ಲ ಸೀದಾ ಹೆಣೆಯಿರಿ. ಸಾಲಿಗೊಂದು ಕುಣಿಕೆ ಹೆಚ್ಚುತ್ತ ಹೋಗುತ್ತದೆ. 50 ಕುಣಿಕೆ ಆದಾಗ ಇಳಿಸಲು ತೊಡಗಿ: ಒಂದು ಸೀದಾ, ಎರಡನ್ನು ಸೇರಿಸಿ ಒಂದು, ದಾರದ ಸುತ್ತು, ಮತ್ತೆ ಎರಡನ್ನು ಸೇರಿಸಿ ಒಂದು, ಉಳಿದದ್ದು ಸೀದಾ. ನಾಲ್ಕು ಉಳಿದಾಗ ಮುಗಿಸಿ. ಅಂಚಿಗೆ ಸಣ್ಣ ಸಣ್ಣ ತೂತಿನ ಸಾಲಿರುವ, ಸುಮಾರು ಏಳು ಅಂಗುಲದ ಚೌಕ ಸಿಗುತ್ತದೆ. ಎಲ್ಲಿ ನಿಲ್ಲಿಸಿದರೂ ಲೆಕ್ಕ ತಪ್ಪದ ಮಾದರಿ ಇದು. ಕುಕ್ಕರ್ ಕೂಗುವ ತನಕ ಎರಡು ಸಾಲು, ಬಸ್ಸಿನಲ್ಲಿ ನಾಲ್ಕು ಸಾಲು ಎಂದರೂ ನಡೆಯುತ್ತದೆ.

ಎರಡನೆಯದು ಅಂಟುವಾಳದ ಚೀಲ. ಕ್ರೋಶಾ ಸೂಜಿಯಲ್ಲಿ 30 ಸರಪಳಿ ಕುಣಿಕೆ ಹಾಕಿ, ತುದಿ ಸೇರಿಸಿ, ನಾಲ್ಕು ಅಂಗುಲ ಎತ್ತರ ಬರುವವರೆಗೆ ಸುತ್ತು ಹೆಣೆಯಿರಿ. ತಳ ಹೊಲಿದು, ಬಾಯಿಗೆ ಲಾಡಿ ಪೋಣಿಸಿ. ಐದಾರು ಸಿಪ್ಪೆ ಇದರೊಳಗಿಟ್ಟು ಬಿಗಿದು ವಾಷಿಂಗ್ ಮೆಷಿನ್ನಿಗೆ ಬಟ್ಟೆಯ ಜೊತೆ ಹಾಕಬಹುದು. ಬೆಚ್ಚಗಿನ ನೀರಾದರೆ ರಸ ಚೆನ್ನಾಗಿ ಬಿಡುತ್ತದೆ. ಸಿಪ್ಪೆ ಮೆತ್ತಗಾಗಿ ನೊರೆ ನಿಲ್ಲುವ ತನಕ ಎರಡು ಮೂರು ಸಲ ಬಳಸಬಹುದು. ಹೆಣೆಯಲು ಬಾರದವರಿಗೆ ಒಂಟಿಯಾಗಿ ಉಳಿದ ಕಾಲುಚೀಲವೇ ಸಾಕು.

ಮೂರನೆಯದು ಬನಿಯನ್ ಬಟ್ಟೆಯ ಕಾಲೊರಸು. ಹಳೆಯ ಟೀ ಶರ್ಟನ್ನು ತೋಳಿನ ಕೆಳಗಿನಿಂದ ಒಂದಂಗುಲ ಅಗಲದ ಪಟ್ಟಿಯಾಗಿ ಸುತ್ತಲೂ ಕತ್ತರಿಸುತ್ತ ಹೋಗಿ ಎಳೆದರೆ ಅಂಚು ಒಳಕ್ಕೆ ಸುರುಳಿಯಾಗಿ ದಪ್ಪ ದಾರವಾಗುತ್ತದೆ. ದೊಡ್ಡ ಕ್ರೋಶಾ ಸೂಜಿಯಲ್ಲಿ ನಡುವೆ ಆರು ಕುಣಿಕೆಯಿಂದ ಆರಂಭಿಸಿ ಸುತ್ತಿಗೆ ಆರರಂತೆ ಏರಿಸಿ: 6, 12, 18, 24. ಚಾಪೆ ಬಟ್ಟಲಿನಂತೆ ಮೇಲೆದ್ದರೆ ಕುಣಿಕೆ ಕಡಿಮೆಯಾಯಿತು, ಅಂಚು ನಿರಿಗೆಯಾದರೆ ಹೆಚ್ಚಾಯಿತು ಎಂದರ್ಥ.

ನಾಲ್ಕನೆಯದಕ್ಕೆ ಕ್ರೋಶಾ ಸೂಜಿ, ಕಡ್ಡಿ ಬೇಕಿಲ್ಲ. ಹರಿದ ಹತ್ತಿ ಸೀರೆಯನ್ನು ಎರಡಂಗುಲದ ಮೂರು ಪಟ್ಟಿ ಮಾಡಿ, ಕಿಟಕಿಯ ಸರಳಿಗೆ ಕಟ್ಟಿ ಮಕ್ಕಳ ಕೈಗೆ ಕೊಟ್ಟರೆ ಅವರು ಜಡೆ ಹೆಣೆಯುತ್ತಾರೆ. ಆ ಉದ್ದ ಜಡೆಯನ್ನು ದುಂಡಗೆ ಸುತ್ತಿ ದಬ್ಬಳದಿಂದ ಹೊಲಿದರೆ ಬಿಸಿ ಪಾತ್ರೆ ಇಡುವ ಸಿಂಬಿ. ಇನ್ನಷ್ಟು ಸುತ್ತಿದರೆ ಬಾಗಿಲ ಚಾಪೆ. ನುಣುಪು ಟೈಲ್ಸಿನ ಮೇಲೆ ಇಂಥ ಚಾಪೆ ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಹೊರಬಾಗಿಲಲ್ಲಿ ಹಾಕಿ, ಬಚ್ಚಲ ಬಾಗಿಲಲ್ಲಿ ಬೇಡ.

ಹೆಣೆದ ಬಟ್ಟೆಯನ್ನು ಒದ್ದೆಯಾಗಿ ಮುದ್ದೆ ಮಾಡಿ ಸಿಂಕಿನ ಬದಿ ಇಟ್ಟರೆ ಅದರಲ್ಲೇ ರೋಗಾಣು ಬೆಳೆಯುತ್ತವೆ. ಪಾತ್ರೆಗೊಂದು ಬಣ್ಣ, ಕಟ್ಟೆಗೊಂದು ಬಣ್ಣ ಎಂದು ಬೇರೆ ಬೇರೆ ಇರಲಿ. ದಿನವೂ ಬಿಸಿಲಿಗೆ ಹರವಿ, ವಾರಕ್ಕೊಮ್ಮೆ ಹತ್ತು ನಿಮಿಷ ಕುದಿಸಿ. ಹತ್ತಿ ಇದಕ್ಕೆಲ್ಲ ತಡೆಯುತ್ತದೆ.

ಇವಕ್ಕೆ ಆಗದ ಕೆಲಸ

ಕೊಳೆ ತೆಗೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಮೇಲೆ ಹೇಳಿದ ಯಾವುದೂ ನೆಚ್ಚಿಕೊಳ್ಳಬಹುದಾದ ಸೋಂಕುನಾಶಕವಲ್ಲ. ಮನೆಯಲ್ಲಿ ವಾಂತಿ-ಭೇದಿ ಇದ್ದಾಗ, ಶೌಚಾಲಯಕ್ಕೆ, ನೀರಿನ ತೊಟ್ಟಿಗೆ ಬ್ಲೀಚಿಂಗ್ ಪೌಡರಿನಂಥದ್ದೇ ಬೇಕು. ಅದನ್ನು ಬಳಸುವ ಜಾಗಕ್ಕೆ ಹುಣಸೆ, ವಿನೆಗರ್, ಬಯೋ ಎನ್‌ಜೈಮ್ ಅಥವಾ ಟಾಯ್ಲೆಟ್ ಆಸಿಡ್ ಸೇರಬಾರದು. ಹುಳಿ ತಾಗಿದ ಬ್ಲೀಚಿಂಗ್ ಪೌಡರಿನಿಂದ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಡೇರಿಗೆ ಹಾಲು ಹಾಕುವವರು ಕ್ಯಾನಿನ ವಿಷಯದಲ್ಲಿ ಡೇರಿಯವರು ಹೇಳಿದ ಕ್ರಮವನ್ನೇ ಅನುಸರಿಸಬೇಕು. ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಗಲಬರಿಸಿ, ಆಮೇಲೆ ಬಿಸಿನೀರಿನಲ್ಲಿ ತೊಳೆಯಿರಿ. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನು ಬೆಂದು ಗೋಡೆಗೆ ಕಚ್ಚಿಕೊಳ್ಳುತ್ತದೆ.

ವಾರದ ಲೆಕ್ಕ

ಶನಿವಾರ ರಾತ್ರಿ ಅನ್ನದ ಪಾತ್ರೆ ಎತ್ತಿಟ್ಟ ಮೇಲೆ ಅಂಟುವಾಳ ನೆನೆಹಾಕುವುದು ಎರಡು ನಿಮಿಷದ ಕೆಲಸ. ಭಾನುವಾರ ತಿಂಡಿಯಾಗುವ ಹೊತ್ತಿಗೆ ಪಕ್ಕದ ಒಲೆಯಲ್ಲಿ ಅದು ಕುದಿಯುತ್ತದೆ. ಸೋಸುವುದು, ಬಾಟಲಿಗೆ ಹೆಸರು ಬರೆಯುವುದು ಮಕ್ಕಳಿಗೆ ಬಿಡಿ. ಬೂದಿ ಜರಡಿ, ಗುಂಜು ಬಡಿಯುವುದು ಮನೆಯ ಗಂಡಸರ ಪಾಲಿಗೆ ಬರಲಿ. ಹೆಣಿಗೆಯ ಬುಟ್ಟಿ ಟೀವಿಯ ಹತ್ತಿರ ಇರಲಿ. ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಲು ಹೋದವರು ಬೇಗ ಕೈಚೆಲ್ಲುತ್ತಾರೆ. ಮೊದಲ ತಿಂಗಳು ಅಂಟುವಾಳದ ರಸ ಮತ್ತು ಒಂದು ಒರೆಸುಬಟ್ಟೆ, ಎರಡನೆಯ ತಿಂಗಳು ಪಾತ್ರೆ ಪುಡಿ ಮತ್ತು ಗುಂಜು, ಆಮೇಲೆ ಉಳಿದದ್ದು ಎಂದು ಹಂಚಿಕೊಂಡರೆ ಯಾರಿಗೂ ಭಾರವಾಗದು.

ಹೊಲದ ಬದುವಿನಲ್ಲಿ ಜಾಗ ಇರುವವರಿಗೆ ಇನ್ನೊಂದು ಮಾತು. ಅಂಟುವಾಳದ ಮರ ಬಯಲುಸೀಮೆಯ ಒಣ ನೆಲದಲ್ಲೂ ಬರುತ್ತದೆ. ಬೀಜದಿಂದ ಬೆಳೆಸಿದರೆ ಕಾಯಿಗೆ ಹಲವು ವರ್ಷ ಕಾಯಬೇಕು, ಆದರೆ ಹಿಡಿದ ಮೇಲೆ ಒಂದು ಮರ ಇಡೀ ಮನೆತನಕ್ಕೆ ಸಾಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ, ಬದುಕಿ ಉಳಿದ ಸಸಿಗೆ ಪ್ರೋತ್ಸಾಹಧನವೂ ಇದೆ. ಮಳೆಗಾಲಕ್ಕೆ ಮುಂಚೆಯೇ ಹತ್ತಿರದ ವಲಯ ಅರಣ್ಯ ಕಚೇರಿಗೆ ಹೋಗಿ ಅಂಟುವಾಳದ ಸಸಿ ಇದೆಯೇ ಎಂದು ವಿಚಾರಿಸಿ, ಬದುವಿಗೆ ಎರಡಾದರೂ ನೆಡಿ.